ಕುಟುಂಬದ ಪ್ರಾರ್ಥನೆಗೆ ಗಂಟಿನ ಜಪಸರ: ದೀರ್ಘ ಬಳಕೆಯ ನಂತರ ಒಂದು ವಿಮರ್ಶೆ

ಕಥೋಲಿಕ ಮನೆಗಳಿಗೆಂದೇ ತಯಾರಾಗುವ ಭಕ್ತಿವಸ್ತುಗಳಿಗೆ ಕೊರತೆಯಿಲ್ಲ. ಗೋಡೆಯ ಶಿಲುಬೆ, ಸಂತರ ಸ್ವರೂಪಗಳು, ಬಾಗಿಲ ಬಳಿ ಇಡುವ ತೀರ್ಥದ ಬಟ್ಟಲು, ಆಗಮನ ಕಾಲದ ನಾಲ್ಕು ಮೇಣದಬತ್ತಿಗಳ ಹಸಿರು ಚಕ್ರ, ಮಕ್ಕಳಿಗಾಗಿ ಚಿತ್ರಗಳಿರುವ ಬೈಬಲ್, ಹೀಗೆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವಂತಹವು. ಮನೆಯವರೆಲ್ಲರ ಕೈಗೆ ದಿನನಿತ್ಯ ಸಿಗುವಂತಹದ್ದು ಜಪಸರವೊಂದೇ ಎಂದರೂ ತಪ್ಪಾಗಲಾರದು. ಆದ್ದರಿಂದಲೇ ಅದನ್ನು ಆರಿಸುವಾಗ ಅಂದಕ್ಕಿಂತ ಬಳಕೆಯನ್ನು ಮುಖ್ಯವಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ನಾನು ಪರಿಶೀಲಿಸುತ್ತಿರುವುದು ಮಣಿಗಳೇ ಇಲ್ಲದ, ಗಟ್ಟಿ ನೈಲಾನ್ ದಾರದಲ್ಲಿ ಗಂಟುಗಳನ್ನು ಹಾಕಿ, ತುದಿಗೆ ಒಂದು ಚಿಕ್ಕ ಶಿಲುಬೆಯನ್ನು ಕಟ್ಟಿದ ಜಪಸರವನ್ನು. ಇದು ಯಾವುದೋ ಒಂದು ಸಂಸ್ಥೆಯ ತಯಾರಿಕೆಯಲ್ಲ. ಅನೇಕ ಕಡೆ ಭಕ್ತಾದಿಗಳು ಬಿಡುವಿನ ವೇಳೆಯಲ್ಲಿ ಕೈಯಿಂದಲೇ ಹೆಣೆದು ಕೊಡುವ ವಸ್ತು ಇದಾಗಿರುವುದರಿಂದ, ನನ್ನ ಮಾತುಗಳು ಆ ಬಗೆಯ ಜಪಸರಗಳಿಗೆಲ್ಲ ಅನ್ವಯಿಸುತ್ತವೆ.

ರಚನೆಯಲ್ಲಿ ಇದು ಸಾಮಾನ್ಯ ಜಪಸರಕ್ಕಿಂತ ಭಿನ್ನವಾಗಿಲ್ಲ. ಮಣಿಗಳಿರಬೇಕಾದ ಕಡೆಯಲ್ಲೆಲ್ಲ ಗಂಟುಗಳಿದ್ದು, ಒಟ್ಟು 59 ಗಂಟುಗಳು ಇರುತ್ತವೆ: ‘ನಮೋ ಮರಿಯ’ ಪ್ರಾರ್ಥನೆಗೆ 53, ಪ್ರಭು ಕಲಿಸಿದ ಪ್ರಾರ್ಥನೆಗೆ 6. ಶಿಲುಬೆಯಿಂದ ಮೇಲಕ್ಕೆ ಹೋಗುವ ಚಿಕ್ಕ ಎಳೆಯಲ್ಲಿ ಐದು ಗಂಟುಗಳು, ಆಮೇಲೆ ಹತ್ತು ಹತ್ತರಂತೆ ಐದು ರಹಸ್ಯಗಳ ಸುತ್ತು, ಅವುಗಳ ನಡುವೆ ಒಂದೊಂದು ದೊಡ್ಡ ಗಂಟು. ರಹಸ್ಯವೆಂದರೆ ಆ ಹತ್ತು ಗಂಟುಗಳನ್ನು ಜಪಿಸುವಾಗ ಧ್ಯಾನಿಸುವ, ಯೇಸು ಅಥವಾ ಮರಿಯಮ್ಮನವರ ಬದುಕಿನ ಒಂದು ಘಟನೆ. ಎರಡೂ ಕೂಡುವಲ್ಲಿ ಲೋಹದ ಪದಕದ ಬದಲಿಗೆ ಬಹುಮಟ್ಟಿಗೆ ಒಂದು ದಪ್ಪ ಗಂಟೇ ಇರುತ್ತದೆ.

ಗಂಟಿನ ಗುಣಮಟ್ಟವೇ ಇಲ್ಲಿ ಎಲ್ಲವೂ ಆಗಿದೆ. ಒಳ್ಳೆಯ ಹೆಣಿಗೆಯಲ್ಲಿ ದಾರವನ್ನು ಅದರ ಮೇಲೆಯೇ ಮೂರು ಬಾರಿ ಸುತ್ತಿ ಬಿಗಿದಿರುವುದರಿಂದ ಗಂಟು ಉದ್ದನೆಯ ಪುಟ್ಟ ಪೀಪಾಯಿಯ ಆಕಾರ ತಾಳುತ್ತದೆ. ಬೆರಳಿನ ನಡುವೆ ಉರುಳುತ್ತದೆ, ಆದರೆ ಜಾರುವುದಿಲ್ಲ. ಪ್ರಭು ಕಲಿಸಿದ ಪ್ರಾರ್ಥನೆಯ ಗಂಟಿಗೆ ಸುತ್ತುಗಳು ಹೆಚ್ಚಿದ್ದು, ಅದರ ಎರಡೂ ಬದಿಯಲ್ಲಿ ದಾರ ಸ್ವಲ್ಪ ಹೆಚ್ಚು ಖಾಲಿಯಾಗಿರಬೇಕು. ಕೊಳ್ಳುವ ಅಥವಾ ಪಡೆಯುವ ಮೊದಲು ಕಣ್ಣು ಮುಚ್ಚಿಕೊಂಡು ಒಂದು ರಹಸ್ಯದಿಂದ ಮುಂದಿನ ರಹಸ್ಯದವರೆಗೆ ಬೆರಳಾಡಿಸಿ ನೋಡಬೇಕು. ದೊಡ್ಡ ಗಂಟು ಬಂದದ್ದು ಬೆರಳಿಗೆ ತಾನಾಗಿ ತಿಳಿಯದಿದ್ದರೆ ಆ ಜಪಸರವು ಪ್ರಾರ್ಥನೆಯ ಉದ್ದಕ್ಕೂ ಕಣ್ಣನ್ನು ತನ್ನತ್ತಲೇ ಎಳೆಯುತ್ತಿರುತ್ತದೆ, ಮನಸ್ಸು ಎಣಿಕೆಯಲ್ಲಿಯೇ ಉಳಿಯುತ್ತದೆ. ದಾರದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿದ ಜಾಗವನ್ನೂ ಮುಟ್ಟಿ ನೋಡುವುದು ಒಳಿತು. ಅವಸರದಲ್ಲಿ ಕರಗಿಸಿದ ತುದಿ ಮುಳ್ಳಿನಂತೆ ಚುಚ್ಚುತ್ತದೆ, ಮತ್ತು ಅದು ಶಿಲುಬೆಯ ಬಳಿಯೇ ಇರುವುದರಿಂದ ಪ್ರಾರ್ಥನೆಯ ಆರಂಭದಲ್ಲಿಯೇ ಮಗುವಿನ ಬೆರಳಿಗೆ ತಾಗುತ್ತದೆ.

ಸರಪಳಿಯ ಜಪಸರದೊಂದಿಗೆ ಇದನ್ನು ಹೋಲಿಸದೆ ವಿಮರ್ಶೆ ಪೂರ್ಣವಾಗದು. ಲೋಹದ ಕೊಂಡಿಗಳಿಂದ ಮಾಡಿದ ಜಪಸರಕ್ಕೆ ತನ್ನದೇ ಆದ ಘನತೆಯಿದೆ. ಕೈಯಲ್ಲಿ ತೂಕವಾಗಿ ನಿಲ್ಲುತ್ತದೆ, ಮಣಿಗಳು ತಣ್ಣಗೆ ಸರಿಯುತ್ತವೆ. ಆದರೆ ಅದರ ದುರ್ಬಲ ಭಾಗ ಯಾವುದೆಂದು ಬಳಸಿದವರಿಗೆಲ್ಲ ಗೊತ್ತು: ನಡುವಿನ ಪದಕಕ್ಕೂ ಎಳೆಗಳಿಗೂ ಸೇರುವ ಉಂಗುರಗಳು. ಅವುಗಳ ಬಾಯಿಯನ್ನು ಬೆಸೆಯದೆ ಕೇವಲ ಇಕ್ಕಳದಿಂದ ಒತ್ತಿ ಮುಚ್ಚಿದ್ದರೆ, ಮಗು ಒಮ್ಮೆ ಎಳೆದರೆ ಸಾಕು, ತೆರೆದುಕೊಳ್ಳುತ್ತವೆ. ಕೂದಲಿಗೆ, ಬಟ್ಟೆಯ ಎಳೆಗೆ, ಹೊದಿಕೆಯ ಅಂಚಿಗೆ ಸರಪಳಿ ಸಿಕ್ಕಿಕೊಳ್ಳುತ್ತದೆ. ನಿಕಲ್ ಬೆರೆತ ಲೋಹ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಗಂಟಿನ ಜಪಸರದಲ್ಲಿ ಇಂತಹ ಯಾವ ಜೋಡಣೆಯೂ ಇಲ್ಲದಿರುವುದರಿಂದ ಅದು ಶಿಲುಬೆ ಕಟ್ಟಿದ ಜಾಗದಲ್ಲಿ ಮಾತ್ರ ಕಳಚಬಲ್ಲದು, ಅದನ್ನೂ ಮನೆಯಲ್ಲಿಯೇ ಮತ್ತೆ ಕಟ್ಟಬಹುದು.

ಮಣಿಯ ವಸ್ತುವಿನ ಬಗ್ಗೆ ಜನರಿಗೆ ಬಹಳ ಹಿಂದಿನಿಂದಲೂ ಆಸಕ್ತಿಯಿದೆ. 13ನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಪ್ರಾರ್ಥನೆಯ ಮಣಿಗಳನ್ನು ಮಾಡುವ ಕುಶಲಕರ್ಮಿಗಳು, ಮೂಳೆ ಮತ್ತು ಕೊಂಬಿನವರು, ಹವಳ ಮತ್ತು ಚಿಪ್ಪಿನವರು, ಅಂಬರಿನವರು ಎಂದು ಬೇರೆ ಬೇರೆ ಸಂಘಗಳಾಗಿ ಕೆಲಸ ಮಾಡುತ್ತಿದ್ದರು. ಇಂದು ಆಲಿವ್ ಮರ, ಗಾಜು, ಕಲ್ಲು, ಬೀಜ ಎಲ್ಲವೂ ದೊರೆಯುತ್ತವೆ. ಮರದ ಮಣಿಗಳು ಬಳಸಿದಷ್ಟೂ ನುಣುಪಾಗುತ್ತವೆ ಮತ್ತು ನನಗೆ ಅವು ಇಷ್ಟ. ಗಾಜಿನವು ಮಕ್ಕಳಿರುವ ಮನೆಗೆ ತಕ್ಕವಲ್ಲ. ಬೀಜದ ಜಪಸರಗಳ ವಿಷಯದಲ್ಲಿ ಒಂದು ಗಂಭೀರ ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಗುಲಗಂಜಿಯನ್ನು ಅಂದಕ್ಕಾಗಿ ಜಪಸರಗಳಿಗೆ ಪೋಣಿಸುವುದುಂಟು. ಆ ಬೀಜದೊಳಗೆ ಅಬ್ರಿನ್ ಎಂಬ ತೀವ್ರ ವಿಷವಿದೆ. ಬೀಜದ ಗಟ್ಟಿ ಸಿಪ್ಪೆ ಮುರಿಯದಿದ್ದರೆ ಅಪಾಯ ಕಡಿಮೆ. ಆದರೆ ಪೋಣಿಸಲು ತೂತು ಕೊರೆದ ಬೀಜದ ಸಿಪ್ಪೆ ಆಗಲೇ ಮುರಿದಿರುತ್ತದೆ, ಮತ್ತು ಎಲ್ಲವನ್ನೂ ಬಾಯಿಗೆ ಹಾಕುವ ಮಗು ಅದನ್ನು ಜಗಿಯುವ ಸಾಧ್ಯತೆ ಯಾವಾಗಲೂ ಇದೆ. ಅಂತಹ ಜಪಸರ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಎಂದೂ ಸಿಗದ ಕಡೆ ಇಡಬೇಕು, ಅಥವಾ ಮನೆಯಲ್ಲಿ ಇಟ್ಟುಕೊಳ್ಳಲೇಬಾರದು.

ಗಂಟಿನ ಜಪಸರದಲ್ಲಿ ಬಿಡಿ ಮಣಿಗಳು ಇಲ್ಲದಿರುವುದರಿಂದ ಕಳಚಿ ಬಿದ್ದ ಮಣಿಯನ್ನು ಮಗು ನುಂಗುವ ಭಯವಿಲ್ಲ. ಆದರೂ ಅದು ಉದ್ದನೆಯ ದಾರವೇ ಆದ್ದರಿಂದ ತೊಟ್ಟಿಲಿಗೆ ಕಟ್ಟುವುದಾಗಲಿ, ಮಲಗಿರುವ ಕೂಸಿನ ಕೊರಳಿಗೆ ಹಾಕುವುದಾಗಲಿ ಕೂಡದು. ಭಕ್ತಿಯಿಂದ ಮಾಡಿದ್ದಾದರೂ ಅದು ಅಪಾಯವೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಲೆಬಾಳುವ ಜಪಸರಗಳು ಹೆಚ್ಚಾಗಿ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಪ್ರಥಮ ಪರಮಪ್ರಸಾದಕ್ಕೆಂದು (ಮಗು ಮೊದಲ ಬಾರಿ ಪವಿತ್ರ ರೊಟ್ಟಿಯನ್ನು ಸ್ವೀಕರಿಸುವ ದಿನಕ್ಕೆಂದು) ಉಡುಗೊರೆಯಾಗಿ ಬಂದ ಬೆಳ್ಳಿಯ ಜಪಸರವನ್ನು ಮಗು ಮುಟ್ಟಲು ಹೋದಾಗಲೆಲ್ಲ ಹಿರಿಯರು ‘ಜೋಪಾನ, ಕಿತ್ತೀತು’ ಎನ್ನುತ್ತಾರೆ, ಮತ್ತು ಆ ಎಚ್ಚರಿಕೆಯ ಮಾತಿನೊಂದಿಗೆ ಪ್ರಾರ್ಥನೆಯೂ ಹಬ್ಬದ ದಿನಕ್ಕೆ ಮಾತ್ರ ಹೊರಗೆ ಬರುವ ವಸ್ತುವಾಗಿಬಿಡುತ್ತದೆ. ಗಂಟಿನ ಜಪಸರದ ಬಗ್ಗೆ ಯಾರೂ ಯಾರಿಗೂ ಹಾಗೆ ಹೇಳಬೇಕಾಗಿ ಬರುವುದಿಲ್ಲ. ಅದು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಮುಂದುವರಿಸಬಹುದು. ಶಾಲೆಯ ಚೀಲದಲ್ಲಿ, ದಿಂಬಿನ ಕೆಳಗೆ, ಅಂಗಿಯ ಜೇಬಿನಲ್ಲಿ ಇರಬಹುದು. ವಿಶ್ವಾಸವು ದಿನನಿತ್ಯದ ಬದುಕಿನಲ್ಲಿ ಬೇರೂರಬೇಕಾದರೆ ಅದರ ಸಾಧನಗಳು ದಿನನಿತ್ಯ ಮುಟ್ಟಲು ಅನುಮತಿಯಿರುವಂತಹವು ಆಗಿರಬೇಕು. ಈ ಒಂದು ಕಾರಣಕ್ಕಾಗಿಯೇ ನಾನು ಇದನ್ನು ಉಳಿದೆಲ್ಲ ಬಗೆಗಳಿಗಿಂತ ಮುಂದಿಡುತ್ತೇನೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಕ್ರೈಸ್ತ ಕುಟುಂಬವನ್ನು ಪ್ರಾರ್ಥನಾ ಶಿಕ್ಷಣದ ಮೊದಲ ಸ್ಥಳವೆಂದು ಕರೆಯುತ್ತದೆ. 1964ರಲ್ಲಿ, ವಿಶ್ವದ ಕಥೋಲಿಕ ಧರ್ಮಾಧ್ಯಕ್ಷರು ಕೂಡಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹ ಧರ್ಮಸಭೆ ಎಂದು ಬಣ್ಣಿಸಿ, ತಂದೆತಾಯಂದಿರೇ ತಮ್ಮ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರಾಗಬೇಕೆಂದು ಹೇಳಿತು. ಈ ಮಾತುಗಳು ದೊಡ್ಡವು. ಅವು ಮನೆಯೊಳಗೆ ಹೇಗೆ ನಡೆಯುತ್ತವೆ ಎಂಬುದನ್ನು ನಾನು ಕಂಡದ್ದು ಇಂತಹ ಸಣ್ಣ ವಸ್ತುಗಳ ಮೂಲಕವೇ. ಇನ್ನೂ ಮಾತು ಸರಿಯಾಗಿ ಬಾರದ ಮಗು ಸಹ ಗಂಟನ್ನು ಹಿಡಿದು, ದೊಡ್ಡವರ ಧ್ವನಿ ಮುಗಿಯುವವರೆಗೆ ಕಾದು, ಮುಂದಿನ ಗಂಟಿಗೆ ಹೋಗುತ್ತದೆ. ಅದಕ್ಕೆ ಆಗಮನ, ಪಾಡು, ಪುನರುತ್ಥಾನ ಯಾವುದೂ ತಿಳಿಯದು. ಆದರೆ ಮನೆಯವರೆಲ್ಲ ಒಂದೇ ಮಾತಿಗೆ ಒಂದೇ ವೇಗದಲ್ಲಿ ನಡೆಯುತ್ತಿದ್ದಾರೆ ಎಂಬುದು ಅದರ ಕೈಗೆ ತಿಳಿಯುತ್ತದೆ.

ಕಿರಿಯ ಮಕ್ಕಳಿರುವ ಮನೆಯಲ್ಲಿ ಐದೂ ರಹಸ್ಯಗಳನ್ನು ಮೊದಲ ದಿನದಿಂದಲೇ ಹೇಳಿಸಲು ಹೊರಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಒಂದು ರಹಸ್ಯದಿಂದ ಆರಂಭಿಸಿ, ಅದನ್ನು ಬಿಡದೆ ನಡೆಸಿ, ಮಕ್ಕಳೇ ಇನ್ನೊಂದನ್ನು ಕೇಳುವವರೆಗೆ ಕಾಯುವುದು ಮೇಲು. ಶಿಲುಬೆಯ ಗುರುತು, ರಹಸ್ಯದ ಹೆಸರು, ಪ್ರಭು ಕಲಿಸಿದ ಪ್ರಾರ್ಥನೆ, ಹತ್ತು ನಮೋ ಮರಿಯ, ಪಿತ ಸುತ ಪವಿತ್ರಾತ್ಮರ ಮಹಿಮಾಸ್ತುತಿ, ಇಷ್ಟಕ್ಕೆ ನಾಲ್ಕೈದು ನಿಮಿಷ ಸಾಕು. ಪ್ರತಿಯೊಬ್ಬರಿಗೂ ಒಂದೊಂದು ಜಪಸರವಿದ್ದರೆ ಹಂಚಿಕೆ ಸುಲಭ: ಮೊದಲ ಅರ್ಧವನ್ನು ಒಬ್ಬರು ಹೇಳುವುದು, ಉಳಿದವರು ಎರಡನೆಯ ಅರ್ಧವನ್ನು ಹೇಳುವುದು. ನಮ್ಮ ಮನೆಯಲ್ಲಿ ಕಿರಿಯವಳು ನಡುವಿನ ದಪ್ಪ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ತನ್ನ ಸರದಿಗಾಗಿ ಕಾಯುತ್ತಾಳೆ. ಐದನೆಯ ರಹಸ್ಯ ತನ್ನದೆಂದು ಅವಳಿಗೆ ಗೊತ್ತು, ಮತ್ತು ಅದು ಆ ಗಂಟಿನ ಬಳಿ ಮುಗಿಯುತ್ತದೆ ಎಂಬುದೂ ಗೊತ್ತು. ಅಕ್ಕ ಎಂಟಕ್ಕೆ ನಿಲ್ಲಿಸಿದರೆ ಗಂಟು ತೋರಿಸಿ ಇನ್ನೆರಡು ಇವೆ ಎನ್ನುವವಳು ಅವಳೇ. ದೊಡ್ಡವರನ್ನು ತಿದ್ದುವ ಈ ಅಧಿಕಾರವನ್ನು ಪ್ರಾರ್ಥನೆಯೇ ಮಗುವಿಗೆ ಕೊಡುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಬರೀ ಗಂಟುಗಳಿಂದ ವಿಶ್ವಾಸ ಬೆಳೆಯುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಜಗದ್ಗುರು (ಪೋಪ್) ಆರನೇ ಪೌಲ್ ಅವರು 1974ರಲ್ಲಿ ಮರಿಯಭಕ್ತಿಯ ಬಗ್ಗೆ ಬರೆದ ಪ್ರೇಷಿತ ಪ್ರಬೋಧನೆಯಲ್ಲಿ, ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹದಂತೆ ಎಂಬ ಅರ್ಥದ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಪ್ರಾರ್ಥಿಸುವಾಗ ಬರಿದೇ ಮಾತುಗಳನ್ನು ಹೆಚ್ಚಿಸಬೇಡಿರೆಂದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭುವೇ ಹೇಳಿದ್ದನ್ನು ನೆನಪಿಸಿ ಈ ಭಕ್ತಿಯನ್ನು ಪ್ರಶ್ನಿಸುವವರಿದ್ದಾರೆ. ಅದಕ್ಕೆ ಉತ್ತರ ಇರುವುದು ರಹಸ್ಯಗಳಲ್ಲಿ. ತುಟಿಗಳು ಪರಿಚಿತವಾದ ಮಾತುಗಳನ್ನು ಹೇಳುತ್ತಿರುವಾಗ ಮನಸ್ಸು ಯೇಸುವಿನ ಬದುಕಿನ ಒಂದು ಘಟನೆಯ ಬಳಿ ನಿಂತಿರಬೇಕು. ನಮೋ ಮರಿಯದ ಮೊದಲ ಭಾಗವೇ ಶುಭಸಂದೇಶದಿಂದ ಬಂದದ್ದು: ಲೂಕನ ಮೊದಲ ಅಧ್ಯಾಯದಲ್ಲಿ ದೇವದೂತ ಗಬ್ರಿಯೇಲನ ವಂದನೆ ಮತ್ತು ಎಲಿಜಬೇತಳ ಹರಸುವ ಮಾತು. ‘ಸಂತ ಮರಿಯ’ ಎಂದು ಆರಂಭವಾಗುವ ಬೇಡಿಕೆಯ ಭಾಗವು 1568ರ ರೋಮನ್ ಪ್ರಾರ್ಥನಾ ಗ್ರಂಥದ ಮೂಲಕ ಇಂದಿನ ರೂಪದಲ್ಲಿ ನೆಲೆಗೊಂಡಿತು. ಈ ಎರಡು ಭಾಗಗಳನ್ನು ಕೂಡಿಸುವ ಜಾಗದಲ್ಲಿ ಯೇಸುವಿನ ನಾಮವಿದೆ. ಜಗದ್ಗುರು ಎರಡನೇ ಜಾನ್ ಪೌಲ್ ಅವರು ಆ ನಾಮವನ್ನೇ ಈ ಪ್ರಾರ್ಥನೆಯ ಕೇಂದ್ರವೆಂದು ಕರೆದು, ಅವಸರದಲ್ಲಿ ಅದನ್ನು ದಾಟಿಹೋಗಬಾರದೆಂದು ತಿಳಿಸಿದರು. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ, ಅವರು ಆ ನಾಮ ಬಂದಾಗ ಧ್ವನಿಯನ್ನು ತಾವಾಗಿಯೇ ನಿಧಾನಗೊಳಿಸುತ್ತಾರೆ.

ಎರಡನೇ ಜಾನ್ ಪೌಲ್ ಅವರು 2002ರ ಅಕ್ಟೋಬರ್ 16ರಂದು ಹೊರಡಿಸಿದ ಪ್ರೇಷಿತ ಪತ್ರದಲ್ಲಿಯೇ, ಹಿಂದಿನಿಂದ ಇದ್ದ ಐದೈದು ರಹಸ್ಯಗಳ ಮೂರು ಗುಂಪುಗಳಿಗೆ ಪ್ರಕಾಶದ ರಹಸ್ಯಗಳನ್ನು ಸೇರಿಸಿದರು. ಅದಕ್ಕೆ ಮೊದಲು ಯೇಸುವಿನ ಬಾಲ್ಯದಿಂದ ನೇರವಾಗಿ ಗೆತ್ಸೆಮನೆಯ ಯಾತನೆಗೆ ಹೋಗುತ್ತಿದ್ದ ಪ್ರಾರ್ಥನೆಯ ನಡುವೆ, ಜೋರ್ಡನ್ ನದಿಯಲ್ಲಿ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ದೇವರ ರಾಜ್ಯದ ಸಾರುವಿಕೆ, ರೂಪಾಂತರ, ಪರಮಪ್ರಸಾದದ ಸ್ಥಾಪನೆ ಸೇರಿಕೊಂಡವು. ಅವರು ಸೂಚಿಸಿದ ಕ್ರಮದಂತೆ ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು, ಬುಧವಾರ ಮತ್ತು ಭಾನುವಾರ ಮಹಿಮೆಯ ರಹಸ್ಯಗಳು, ಗುರುವಾರ ಪ್ರಕಾಶದ ರಹಸ್ಯಗಳು. ರಹಸ್ಯವನ್ನು ಹೆಸರಿಸಿದ ಮೇಲೆ ಬೈಬಲ್‌ನಿಂದ ಅದಕ್ಕೆ ಸಂಬಂಧಪಟ್ಟ ಕೆಲವು ವಾಕ್ಯಗಳನ್ನು ಓದಿ, ಸ್ವಲ್ಪ ಹೊತ್ತು ಮೌನವಾಗಿದ್ದು ಆಮೇಲೆ ಗಂಟುಗಳಿಗೆ ಹೋಗುವ ಕ್ರಮವನ್ನೂ ಅದೇ ಪತ್ರ ಕಲಿಸುತ್ತದೆ. ಮನೆಯಲ್ಲಿ ಇದಕ್ಕಿಂತ ಉತ್ತಮವಾದ ಧರ್ಮೋಪದೇಶದ ತರಗತಿ ನನಗೆ ಗೊತ್ತಿಲ್ಲ. ಹನ್ನೆರಡರ ವಯಸ್ಸಿನ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟದ್ದು, ಮರಿಯ ಮತ್ತು ಜೋಸೆಫರು ಮೂರು ದಿನಗಳ ನಂತರ ಅವರನ್ನು ಕಂಡದ್ದು ಸಂತೋಷದ ಐದನೆಯ ರಹಸ್ಯ. ಅದನ್ನು ಓದಿದ ಸಂಜೆ ಹದಿಹರೆಯದ ಮಗ, ತಾಯಿ ಹಾಗೆ ಗಾಬರಿಯಾಗಿದ್ದರೂ ಯೇಸು ಏಕೆ ಹಾಗೆ ಉತ್ತರ ಕೊಟ್ಟರು ಎಂದು ಕೇಳಬಹುದು. ಆ ಪ್ರಶ್ನೆಗೆ ಅವಸರದ ಉತ್ತರ ಕೊಡದೆ ಲೂಕನ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ಜೊತೆಯಾಗಿ ಓದಬೇಕು. ಮರಿಯಮ್ಮನವರಿಗೂ ಆ ಮಾತು ಆಗ ಅರ್ಥವಾಗಲಿಲ್ಲ, ಆದರೂ ಎಲ್ಲವನ್ನೂ ಹೃದಯದಲ್ಲಿ ಇರಿಸಿಕೊಂಡರು ಎಂದು ಅಲ್ಲಿಯೇ ಬರೆದಿದೆ. ಅರ್ಥವಾಗದ್ದನ್ನು ಇಟ್ಟುಕೊಂಡು ಮುಂದೆ ನಡೆಯುವುದೂ ವಿಶ್ವಾಸವೇ ಎಂಬುದನ್ನು ಹದಿಹರೆಯದವರಿಗೆ ತಿಳಿಸಲು ಇದಕ್ಕಿಂತ ತಕ್ಕ ವಾಕ್ಯ ಬೇಡ.

ಅದೇ ಪತ್ರದಲ್ಲಿ ಮಣಿಗಳ ಕುರಿತು ಬಂದಿರುವ ಒಂದು ಮಾತು ಗಂಟಿನ ಜಪಸರಕ್ಕೆ ವಿಶೇಷವಾಗಿ ಹೊಂದುತ್ತದೆ. ಎಲ್ಲ ಮಣಿಗಳೂ ಶಿಲುಬೆಯಿಂದ ಹೊರಟು ಶಿಲುಬೆಗೇ ಬಂದು ಸೇರುತ್ತವೆ. ಅವು ನಮ್ಮ ನಡುವಿನ ಬಾಂಧವ್ಯಗಳನ್ನೂ ನೆನಪಿಸಬೇಕು ಎಂಬುದು ಅದರ ಆಶಯ. ಒಂದೊಂದು ರಹಸ್ಯವನ್ನು ಒಬ್ಬೊಬ್ಬರಿಗಾಗಿ ಸಮರ್ಪಿಸುವ ಪದ್ಧತಿಯನ್ನು ಮನೆಯಲ್ಲಿ ರೂಢಿಸಿಕೊಂಡರೆ ಮಕ್ಕಳ ಪ್ರಾರ್ಥನೆ ತಮ್ಮ ಅಗತ್ಯಗಳನ್ನು ದಾಟಿ ಹೊರಗೆ ಹೋಗಲು ಕಲಿಯುತ್ತದೆ: ಕಾಯಿಲೆಯಲ್ಲಿರುವ ನೆರೆಯವರು, ಪರೀಕ್ಷೆ ಬರೆಯುತ್ತಿರುವ ಗೆಳೆಯ, ಮನೆಯೊಳಗೆ ಮುನಿಸಿಕೊಂಡಿರುವ ಇಬ್ಬರು, ತೀರಿಕೊಂಡ ಹಿರಿಯರು. ಯಾರಿಗಾಗಿ ಎಂದು ಮಕ್ಕಳೇ ಹೇಳಲಿ. ಅವರ ಮನಸ್ಸಿನಲ್ಲಿ ಏನಿದೆ ಎಂಬುದು ತಂದೆತಾಯಿಗೆ ತಿಳಿಯುವ ದಾರಿಯೂ ಅದೇ ಆಗಿದೆ, ನೇರವಾಗಿ ಕೇಳಿದರೆ ಹೇಳದ ಎಷ್ಟೋ ಸಂಗತಿಗಳು ಆ ಹೊತ್ತಿನಲ್ಲಿ ಹೊರಗೆ ಬರುತ್ತವೆ.

ಬೆಳೆದ ಮಕ್ಕಳ ವಿಷಯ ಸ್ವಲ್ಪ ಬೇರೆ. ಒತ್ತಾಯದಿಂದ ಮೊಣಕಾಲೂರಿಸಿದರೆ ಪ್ರಾರ್ಥನೆ ಶಿಕ್ಷೆಯಂತೆ ಕಾಣತೊಡಗುತ್ತದೆ. ಮನೆಯ ಪ್ರಾರ್ಥನೆಯ ಸಮಯ ನಿಗದಿಯಾಗಿರಲಿ, ಆ ಹೊತ್ತಿಗೆ ಎಲ್ಲರೂ ಕೂಡಿರಲಿ. ಆದರೆ ಗಟ್ಟಿಯಾಗಿ ಹೇಳಲು ಮನಸ್ಸಿಲ್ಲದ ಮಗ ಅಥವಾ ಮಗಳು ಸುಮ್ಮನೆ ಜಪಸರ ಹಿಡಿದು ಕುಳಿತರೂ ಅದನ್ನು ಒಪ್ಪಿಕೊಳ್ಳಬೇಕು. ಸದ್ದು ಮಾಡದ, ಕಪ್ಪು ಅಥವಾ ಕಂದು ಬಣ್ಣದ, ಜೇಬಿನಲ್ಲಿ ಯಾರಿಗೂ ಕಾಣದೆ ಇರಬಲ್ಲ ಈ ಜಪಸರವನ್ನು ಆ ವಯಸ್ಸಿನವರು ತಮ್ಮದೆಂದು ಒಪ್ಪಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಹೊಳೆಯುವ ಮಣಿಗಳನ್ನು ಗೆಳೆಯರ ಎದುರು ಹೊರಗೆ ತೆಗೆಯಲು ಸಂಕೋಚಪಡುವವರಿಗೆ ಇದು ಸಂಕೋಚವನ್ನು ಉಂಟುಮಾಡುವುದಿಲ್ಲ.

ಹಿರಿಯರಿಗೂ ರೋಗಿಗಳಿಗೂ ಇದರ ಅನುಕೂಲ ಹೆಚ್ಚು. ಬೆರಳುಗಳ ಕೀಲು ನೋವಿರುವವರಿಗೆ ನುಣುಪಾದ ಚಿಕ್ಕ ಮಣಿಗಳು ಹಿಡಿತಕ್ಕೆ ಸಿಗುವುದಿಲ್ಲ, ಒರಟಾದ ದಪ್ಪ ಗಂಟು ಸಿಗುತ್ತದೆ. ನಿದ್ದೆ ಬಾರದ ರಾತ್ರಿಯಲ್ಲಿ ಅಜ್ಜಿ ಜಪಿಸಿದರೆ ಅದೇ ಕೋಣೆಯಲ್ಲಿ ಮಲಗಿರುವ ಮೊಮ್ಮಗುವಿಗೆ ಎಚ್ಚರವಾಗುವುದಿಲ್ಲ. ಹಾಸಿಗೆ ಹಿಡಿದವರ ಕೈಗೆ ಸುತ್ತಿಟ್ಟರೂ ಚರ್ಮಕ್ಕೆ ಒತ್ತಿ ಗುರುತು ಮೂಡುವುದಿಲ್ಲ. ಆಸ್ಪತ್ರೆಗೆ ಕೊಂಡೊಯ್ದು ತಂದ ಮೇಲೆ ತೊಳೆಯಬಹುದು ಎಂಬುದೂ ಸಣ್ಣ ಪ್ರಯೋಜನವಲ್ಲ.

ಕೊರತೆಗಳನ್ನೂ ಹೇಳಬೇಕು. ಬಿಳಿ ಮತ್ತು ತಿಳಿಬಣ್ಣದ ದಾರ ಬೇಗನೆ ಮಾಸುತ್ತದೆ, ಮಕ್ಕಳಿಗೆ ಗಾಢ ಬಣ್ಣವೇ ಸರಿ. ಹೊಸದರಲ್ಲಿ ದಾರ ಬಿರುಸಾಗಿದ್ದು ಸುತ್ತಿಕೊಂಡೇ ಇರುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಮೃದುವಾದ ಸೋಪಿನಿಂದ ತೊಳೆದು, ನೇರವಾಗಿ ತೂಗುಹಾಕಿ ನೆರಳಿನಲ್ಲಿ ಒಣಗಿಸಿದರೆ ಅದು ಮೆತ್ತಗಾಗುತ್ತದೆ. ತೂಕ ಕಡಿಮೆಯಿರುವುದರಿಂದ ಜೇಬಿನಲ್ಲಿ ಗೋಜಲಾಗುವುದು ಸರಪಳಿಗಿಂತ ಹೆಚ್ಚು. ಇದರೊಂದಿಗೆ ಬರುವ ಶಿಲುಬೆಯೇ ನನಗೆ ಅತಿ ದೊಡ್ಡ ಅಸಮಾಧಾನ. ಅಚ್ಚಿನ ಗೆರೆಗಳು ಹಾಗೆಯೇ ಉಳಿದ, ಪ್ರಭುವಿನ ಮುಖವೇ ಮೂಡದ ಹಗುರ ಪ್ಲಾಸ್ಟಿಕ್ ಶಿಲುಬೆಗಳನ್ನು ಅನೇಕ ಜಪಸರಗಳಿಗೆ ಕಟ್ಟಿರುತ್ತಾರೆ. ಪ್ರಾರ್ಥನೆಯ ಮೊದಲ ಕ್ಷಣದಲ್ಲಿ ಕೈಗೆ ಸಿಗುವುದೂ, ಮಗು ಮುತ್ತಿಡುವುದೂ ಅದಕ್ಕೇ ಆದ್ದರಿಂದ, ಅಲ್ಲಿ ಮಾತ್ರ ಉಳಿತಾಯ ಮಾಡಬಾರದಿತ್ತು. ಸಾಧ್ಯವಿದ್ದವರು ಒಂದು ಒಳ್ಳೆಯ ಮರದ ಅಥವಾ ಲೋಹದ ಶಿಲುಬೆಯನ್ನು ಪ್ರತ್ಯೇಕವಾಗಿ ಪಡೆದು ಕಟ್ಟಿಕೊಳ್ಳುವುದು ಉತ್ತಮ. ರಹಸ್ಯಗಳ ಪಟ್ಟಿ ಮತ್ತು ಪ್ರಾರ್ಥನೆಗಳಿರುವ ಚೀಟಿಯೂ ಎಲ್ಲದರ ಜೊತೆಗೆ ಬರುವುದಿಲ್ಲ. ವಿಶ್ವಾಸಕ್ಕೆ ಹೊಸದಾಗಿ ಬಂದವರಿಗೆ ಅಥವಾ ಬಹುಕಾಲದ ನಂತರ ಮರಳಿ ಬಂದವರಿಗೆ ಕೊಡುವಾಗ ಕೈಯಲ್ಲಿಯೇ ಬರೆದು ಜೊತೆಗಿಡಬೇಕು.

ಬೇರೆ ಬಗೆಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ಹತ್ತು ಉಬ್ಬುಗಳಿರುವ ಉಂಗುರ ಮತ್ತು ಒಂದೇ ರಹಸ್ಯದ ಚಿಕ್ಕ ಜಪಸರಗಳು ಪ್ರಯಾಣಕ್ಕೆ, ಸರದಿ ಸಾಲಿನಲ್ಲಿ ಕಾಯುವಾಗ ಅನುಕೂಲ. 2019ರ ಅಕ್ಟೋಬರ್‌ನಲ್ಲಿ ಜಗದ್ಗುರುಗಳ ವಿಶ್ವವ್ಯಾಪಿ ಪ್ರಾರ್ಥನಾ ಜಾಲವು, ಶಿಲುಬೆಯ ಗುರುತು ಹಾಕಿದಾಗ ಎಚ್ಚರಗೊಂಡು ಮೊಬೈಲಿನ ಮೂಲಕ ಪ್ರಾರ್ಥನೆಗೆ ಮಾರ್ಗದರ್ಶನ ನೀಡುವ, ಕೈಗೆ ಕಟ್ಟಿಕೊಳ್ಳುವ ವಿದ್ಯುನ್ಮಾನ ಜಪಸರವನ್ನೂ ಹೊರತಂದಿತು. ಒಬ್ಬರೇ ಇರುವ ಯುವಜನರಿಗೆ, ರಹಸ್ಯಗಳನ್ನು ಮೊದಲ ಬಾರಿಗೆ ಕಲಿಯುವವರಿಗೆ ಧ್ವನಿಯ ಮಾರ್ಗದರ್ಶನ ನಿಜವಾಗಿಯೂ ನೆರವಾಗುತ್ತದೆ. ಕುಟುಂಬದ ಪ್ರಾರ್ಥನೆಗೆ ಮಾತ್ರ ನಾನು ಅಂತಹ ಸಾಧನಗಳನ್ನು ಸೂಚಿಸಲಾರೆ. ಅಲ್ಲಿ ಮಗು ಕೇಳಬೇಕಾದದ್ದು ತಂದೆಯ, ತಾಯಿಯ, ಅಜ್ಜಿಯ ಧ್ವನಿಯನ್ನು, ಮತ್ತು ತನ್ನ ಧ್ವನಿಯೂ ಅವುಗಳ ನಡುವೆ ಬೇಕಾಗಿದೆ ಎಂಬುದನ್ನು ಅದು ಅರಿಯಬೇಕು.

ಈ ಪ್ರಾರ್ಥನೆಯು ಬಲಿಪೂಜೆಗೆ (ದೇವಾಲಯದಲ್ಲಿ ಗುರುಗಳು ನಡೆಸುವ ಪರಮಪ್ರಸಾದದ ಆರಾಧನೆಗೆ) ಬದಲಿಯಲ್ಲ ಎಂಬುದನ್ನು ಮನೆಯವರು ನೆನಪಿನಲ್ಲಿಡಬೇಕು. ಭಕ್ತಿಯ ಆಚರಣೆಗಳು ದೈವಾರಾಧನೆಯಿಂದ ಹೊಮ್ಮಿ ಜನರನ್ನು ಅದರೆಡೆಗೇ ಕರೆದೊಯ್ಯಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದೆ. ಭಾನುವಾರದ ಶುಭಸಂದೇಶದ ವಾಚನವನ್ನು ಶನಿವಾರದ ಸಂಜೆಯ ಜಪಸರದೊಂದಿಗೆ ಓದಿಕೊಂಡರೆ ಮಕ್ಕಳು ದೇವಾಲಯದಲ್ಲಿ ಆ ವಾಕ್ಯವನ್ನು ಗುರುತಿಸುತ್ತಾರೆ. ನಮ್ಮ ಮನೆಯಲ್ಲಿ ಇದರಿಂದ ಬಲಿಪೂಜೆಯ ವೇಳೆಯ ಅವರ ಗಮನ ಹೆಚ್ಚಿದ್ದನ್ನು ಕಂಡಿದ್ದೇನೆ.

ಕೊಳ್ಳುವವರು ತಿಳಿದಿರಬೇಕಾದ ಒಂದು ನಿಯಮವಿದೆ. ಆಶೀರ್ವದಿಸಿದ ಭಕ್ತಿವಸ್ತುವಿಗೆ ಸಂಬಂಧಿಸಿದ ಪಾಪದಂಡ ವಿಮೋಚನೆಯು (ಕ್ಷಮೆ ದೊರೆತ ಪಾಪಕ್ಕೆ ಇನ್ನೂ ಉಳಿದಿರುವ ದಂಡನೆಯ ಮನ್ನಾ) ಆ ವಸ್ತು ನಾಶವಾದಾಗ ಅಥವಾ ಮಾರಾಟವಾದಾಗ ಇಲ್ಲವಾಗುತ್ತದೆ. ಆದ್ದರಿಂದ ಮೊದಲೇ ಆಶೀರ್ವಾದವಾಗಿದೆ ಎಂದು ಹೇಳಿ ಮಾರುವ ಜಪಸರಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಪಡೆದುಕೊಂಡ ಮೇಲೆ ಗುರುಗಳ ಬಳಿಗೆ ಒಯ್ದು ಆಶೀರ್ವಾದ ಮಾಡಿಸಿಕೊಳ್ಳಬೇಕು, ಮಕ್ಕಳನ್ನೂ ಜೊತೆಗೆ ಕರೆದೊಯ್ದು ಅವರ ಜಪಸರವನ್ನು ಅವರೇ ಗುರುಗಳ ಮುಂದೆ ಹಿಡಿಯುವಂತೆ ಮಾಡಬೇಕು. ಕುಟುಂಬವಾಗಿ ಕೂಡಿ ಐದು ರಹಸ್ಯಗಳನ್ನು ನಡುವೆ ನಿಲ್ಲಿಸದೆ, ಧ್ಯಾನದೊಂದಿಗೆ ಜಪಿಸುವವರಿಗೆ, ಪಾಪನಿವೇದನೆ, ಪರಮಪ್ರಸಾದದ ಸ್ವೀಕಾರ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥನೆ ಹಾಗೂ ಎಲ್ಲ ಪಾಪಗಳಿಂದಲೂ ಮನಸ್ಸನ್ನು ದೂರವಿಡುವುದು ಎಂಬ ಸಾಮಾನ್ಯ ಷರತ್ತುಗಳ ಮೇಲೆ ಪೂರ್ಣ ವಿಮೋಚನೆ ದೊರೆಯುವ ಅವಕಾಶವನ್ನೂ ಧರ್ಮಸಭೆ ಇಟ್ಟಿದೆ. ಬಳಸಿ ಸವೆದು ದಾರ ಹರಿದರೆ ಅದನ್ನು ಕಸಕ್ಕೆ ಹಾಕಬಾರದು. ಆಶೀರ್ವದಿಸಿದ ವಸ್ತುಗಳನ್ನು ಗೌರವದಿಂದ ಸುಡುವುದು ಅಥವಾ ಮಣ್ಣಿನಲ್ಲಿ ಹೂಳುವುದು ರೂಢಿ. ಶಿಲುಬೆ ಚೆನ್ನಾಗಿದ್ದರೆ ಅದನ್ನು ಬಿಚ್ಚಿ ಹೊಸ ದಾರಕ್ಕೆ ಕಟ್ಟಿಕೊಳ್ಳಬಹುದು.

ನಾಲ್ಕು ಜನರಿರುವ ಮನೆಗೆ ಐದು ಜಪಸರಗಳನ್ನು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬಣ್ಣವಿದ್ದರೆ ಯಾರದು ಯಾವುದೆಂಬ ಜಗಳ ಬರುವುದಿಲ್ಲ. ಐದನೆಯದು ಪ್ರಾರ್ಥನೆಯ ಹೊತ್ತಿಗೆ ಮನೆಗೆ ಬಂದವರಿಗೆ. ಅವೆಲ್ಲವನ್ನೂ ಮನೆಯ ಅತಿ ಕಿರಿಯ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಗೋಡೆಗೆ ಹೊಡೆದ ಮೊಳೆಗಳಿಗೆ ತೂಗುಹಾಕಿ. ಪ್ರಾರ್ಥನೆಗೆ ಮುನ್ನ ಅವುಗಳನ್ನು ತೆಗೆದು ಎಲ್ಲರಿಗೂ ಹಂಚುವ ಕೆಲಸ ಆ ಮಗುವಿನದೇ ಆಗಿರಲಿ.